ಮ್ಯೂನಿಕ್‌ಗೆ ಶಿಫ್ಟ್ ಆಗ್ತಿದೀವಿ, ಮನೆ ಇಲ್ಲಿಂದಲೇ ಹಿಡೀಬೇಕಾ?

ಜಯನಗರದವ: ಮುಂದಿನ ತಿಂಗಳು ಕೆಲಸಕ್ಕೆ ಮ್ಯೂನಿಕ್, ಜೊತೆಗೆ ಹೆಂಡ್ತಿ, 4 ವರ್ಷದ ಮಗಳು. ಆನ್‌ಲೈನಲ್ಲಿ ಸಿಕ್ಕ ಓನರ್ ಒಬ್ರು 2 ತಿಂಗಳ ಅಡ್ವಾನ್ಸ್ ಈಗ್ಲೇ ಹಾಕಿ, ಕೀ ಕೊರಿಯರ್ ಮಾಡ್ತೀನಿ ಅಂತಿದಾರೆ. ಹಾಕ್ಲಾ?

ಮಲ್ಲೇಶ್ವರಂ ಹುಡುಗಿ: ದಯವಿಟ್ಟು ಹಾಕ್ಬೇಡಿ!! ನಾನು ಹೀಗೇ ದುಡ್ಡು ಕಳ್ಕೊಂಡಿದೀನಿ, ಇವತ್ತಿಗೂ ಹೊಟ್ಟೆ ಉರಿಯತ್ತೆ. ಮೊದಲ ಒಂದೆರಡು ತಿಂಗಳಿಗೆ ಫರ್ನಿಶ್ಡ್ ಮನೆ ತಗೊಳಿ, ಆದ್ರೆ ಆ ವಿಳಾಸದಲ್ಲಿ ಆನ್‌ಮೆಲ್ಡುಂಗ್ (ವಿಳಾಸದ ರಿಜಿಸ್ಟ್ರೇಶನ್) ಮಾಡ್ಬಹುದಾ ಅಂತ ಮೊದಲೇ ಕೇಳಿ, ಯಾಕಂದ್ರೆ ಮನೆ ಸೇರಿದ 14 ದಿನದೊಳಗೆ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಓನರ್ ಸಹಿ ಹಾಕಿದ ಪತ್ರ ಬೇಕು, ಅದಾದ್ಮೇಲೇನೇ ಟ್ಯಾಕ್ಸ್ ಐಡಿ ಪೋಸ್ಟಲ್ಲಿ ಬರೋದು.

ಬಸವನಗುಡಿ: ಬಾಡಿಗೆ ಹೇಳಿದಾಗ ಕಾಲ್ಟ್‌ಮೀಟಾ ವಾರ್ಮ್‌ಮೀಟಾ ಕೇಳಿ ಸರ್. ಮೊದಲನೇದು ಬರೀ ಬಾಡಿಗೆ, ಎರಡನೇದ್ರಲ್ಲಿ ಹೀಟಿಂಗ್, ಮೇಂಟೆನೆನ್ಸ್ ಸೇರತ್ತೆ, ಕರೆಂಟ್ ಸಾಮಾನ್ಯವಾಗಿ ಬೇರೆ. ನಮ್ಮೂರ ಥರ 10 ತಿಂಗಳ ಅಡ್ವಾನ್ಸ್ ಅಲ್ಲಿಲ್ಲ, ಕಾನೂನು ಪ್ರಕಾರ ಜಾಸ್ತಿ ಅಂದ್ರೆ 3 ತಿಂಗಳ ಕಾಲ್ಟ್‌ಮೀಟ, ಅದೂ 3 ಕಂತಲ್ಲಿ ಕಟ್ಬಹುದು. ಖಾಲಿ ಮನೇಲಿ ಎಷ್ಟೋ ಸಲ ಅಡುಗೆಮನೆ ಸಿಂಕೂ ಇರಲ್ಲ, ನೋಡ್ಕೊಳಿ. ಮಗಳ ಕಿಟಾ (ಅಲ್ಲಿನ ಶಿಶುವಿಹಾರ) ಸೀಟಿಗೆ ಇವತ್ತೇ ಹುಡುಕೋಕೆ ಶುರು ಮಾಡಿ, ಅದು ಮನೆಗಿಂತ ಕಷ್ಟ.

ಜಯನಗರದವ: ದುಡ್ಡು ಹಾಕ್ಲಿಲ್ಲ. ತುಂಬಾ ಥ್ಯಾಂಕ್ಸ್ ಇಬ್ರಿಗೂ.