ಅಪ್‌ಡೇಟ್: ಸಕ್ಕರೆ ದರ ಏರಿದರೂ ನನ್ನ ಶೇರು ಬಿದ್ದಿದ್ದೇಕೆ?

ಸಕ್ಕರೆ ದರ ಏರುತ್ತಿದ್ದರೂ ನಾನು ಕೊಂಡ ಸಕ್ಕರೆ ಕಂಪನಿಯ ಶೇರು ಯಾಕೆ ಇಳಿಯುತ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. "ವಾರ್ಷಿಕ ವರದಿಯಲ್ಲಿ ಕಚ್ಚಾವಸ್ತುವಿನ ಖರ್ಚು ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ತೆಗೆದು ನೋಡಿದರೆ ಅಲ್ಲಿ ಕಬ್ಬಿನ ಸುದ್ದಿಯೇ ಇಲ್ಲ! ಈ ಕಂಪನಿ ಕಬ್ಬು ನುರಿಸುವುದೇ ಇಲ್ಲ. ಕಚ್ಚಾ ಸಕ್ಕರೆ ಕೊಂಡು, ಶುದ್ಧ ಮಾಡಿ ಮಾರುತ್ತದೆ. ನ್ಯೂಯಾರ್ಕ್ ಮಾರುಕಟ್ಟೆಯ ಕಚ್ಚಾ ಸಕ್ಕರೆ ದರಕ್ಕೂ ಲಂಡನ್ ಮಾರುಕಟ್ಟೆಯ ಬಿಳಿ ಸಕ್ಕರೆ ದರಕ್ಕೂ ಇರುವ ಅಂತರವೇ ಅದರ ಹೊಟ್ಟೆಪಾಡು. ಕಚ್ಚಾ ದರ ಜಾಸ್ತಿ ಏರಿ ಆ ಅಂತರ ಕಿರಿದಾಗಿತ್ತು, ಅಷ್ಟೇ.

ಚಾರ್ಟ್ ನೋಡುತ್ತಾ ಕಾಯಿರಿ ಎಂಬ ಸಲಹೆ ಸುಮ್ನೆ ಟೈಮ್ ವೇಸ್ಟ್. ಕಚ್ಚಾ ತೈಲ ಗಮನಿಸಿ ಅಂದಿದ್ದೂ ನನ್ನ ಕೆಲಸಕ್ಕೆ ಬರಲಿಲ್ಲ. ಆದರೆ ತೈಲ ದುಬಾರಿಯಾದರೆ ಬ್ರೆಜಿಲ್‌ನ ಕಾರ್ಖಾನೆಗಳು ಕಬ್ಬನ್ನು ಸಕ್ಕರೆ ಬಿಟ್ಟು ಎಥನಾಲ್ (ವಾಹನಗಳಿಗೆ ಬಳಸುವ ಇಂಧನ) ಕಡೆ ತಿರುಗಿಸುತ್ತವೆ ಅಂತ ಗೊತ್ತಾಯಿತು. ಅರ್ಧ ಶೇರು ಮಾರಿದೆ.