ಮಳೆಗಾಲದಲ್ಲಿ ಪದೇ ಪದೇ ಕಡಿದುಹೋಗುವ ಡಯಲ್‌ಅಪ್ ಸಂಪರ್ಕ: ಮೋಡೆಮ್ ಬದಲಿಸಬೇಕೆ?

ಪ್ರಶ್ನೆ (ತಿಪಟೂರು ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತಿಪಟೂರು ಪಟ್ಟಣದ ಹೊರಗೆ ತೋಟದ ನಡುವೆ ಇದ್ದು, ರಸ್ತೆಬದಿಯ ಕಂಬದಿಂದ ದೂರವಾಣಿ ತಂತಿ ತೆಂಗಿನ ಮರಗಳ ಸಾಲಿನಲ್ಲೇ ಹಾದು ಬರುತ್ತದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ. ಇದೇ ದೂರವಾಣಿ ತಂತಿಯ ಮೂಲಕ ಡಯಲ್ ಮಾಡಿ ಇಂಟರ್ನೆಟ್ ಪಡೆಯುತ್ತೇವೆ; ಅದಕ್ಕಿರುವ ಮೋಡೆಮ್ ಒಳಗೇ ಕೂರಿಸಿದ 56ಕೆ (ಸೆಕೆಂಡಿಗೆ ಗರಿಷ್ಠ 56,000 ಬಿಟ್) ಕಾರ್ಡು. ಬೇಸಿಗೆಯವರೆಗೂ ಸೆಕೆಂಡಿಗೆ 44,000 ಬಿಟ್ ವೇಗದಲ್ಲಿ ಸಂಪರ್ಕ ಸಿಗುತ್ತಿತ್ತು. ಮಳೆ ಹಿಡಿದ ಮೇಲೆ 21,600 ಅಥವಾ 19,200ಕ್ಕೆ ಇಳಿದಿದೆ, ಅದೂ ಹತ್ತು ನಿಮಿಷ ನಿಲ್ಲುವುದಿಲ್ಲ. ಮಗಳ ಕಾಲೇಜಿನ ಅರ್ಜಿ ಮತ್ತು ಮಾಹಿತಿ ಪುಸ್ತಕ ಸೇರಿ 2 ಎಂಬಿ ಇದೆ. ಮೊದಲಿನ ವೇಗದಲ್ಲಿ ಏಳು ನಿಮಿಷದೊಳಗೆ ಇಳಿಯಬಹುದಾಗಿದ್ದ ಆ ಕಡತಕ್ಕೆ ಈಗ ಹದಿನೈದು ನಿಮಿಷ ಬೇಕು, ಸಂಪರ್ಕ ಅಷ್ಟು ಹೊತ್ತು ಉಳಿಯದೆ ಪ್ರತಿ ರಾತ್ರಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿದೆ. ಕೆಲವೊಮ್ಮೆ 680 ಎಂಬ ದೋಷವೂ ಕಾಣಿಸುತ್ತದೆ. ವಿಂಡೋಸ್ ಅನ್ನು ಎರಡು ಬಾರಿ ಹೊಸದಾಗಿ ಹಾಕಿಸಿದ್ದೇನೆ, ಡ್ರೈವರ್ ಬದಲಿಸಿದ್ದೇನೆ, ಪ್ರಯೋಜನವಾಗಲಿಲ್ಲ. ಹೊಸ ಮೋಡೆಮ್ ಕೊಳ್ಳುವ ಮುನ್ನ ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ (ಶಿಡ್ಲಘಟ್ಟದಿಂದ)

ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ. 680 ಎಂದರೆ ಮೋಡೆಮ್‌ಗೆ ಡಯಲ್ ಟೋನ್ ಕೇಳಿಸಲಿಲ್ಲ ಎಂದರ್ಥ. ಅತ್ತ ಕಡೆಯಿಂದ ಉತ್ತರ ಬರದಿದ್ದರೆ 678, ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪಿದ್ದರೆ 691 ಬರುತ್ತಿತ್ತು. ಹಾಗಾಗಿ ತಮ್ಮ ಖಾತೆಯಲ್ಲಾಗಲಿ ವಿಂಡೋಸ್‌ನಲ್ಲಾಗಲಿ ತೊಂದರೆ ಇರುವಂತೆ ನನಗೆ ತೋರುವುದಿಲ್ಲ. ಮನೆಯಲ್ಲಿ ಇನ್ನೊಂದು ಫೋನನ್ನೋ ಕಾಲರ್ ಐಡಿ ಪೆಟ್ಟಿಗೆಯನ್ನೋ ಪ್ಯಾರಲಲ್ ಆಗಿ ಜೋಡಿಸಿದ್ದರೆ ಅವನ್ನೆಲ್ಲ ಬಿಚ್ಚಿ, ತಂತಿ ಮನೆಯೊಳಗೆ ಬರುವ ಮೊದಲ ರೋಸೆಟ್‌ಗೆ (ಗೋಡೆಯ ಮೇಲಿನ ಫೋನ್ ಜೋಡಣೆಯ ಪೆಟ್ಟಿಗೆ) ಮೋಡೆಮ್ ಒಂದನ್ನೇ ಸಿಕ್ಕಿಸಿ ನೋಡಿ. ಕಂಪ್ಯೂಟರನ್ನೇ ರೋಸೆಟ್ ಹತ್ತಿರ ಒಯ್ದರೂ ಪರವಾಗಿಲ್ಲ. ಉದ್ದನೆಯ ತೆಳು ತಂತಿ ಎಳೆದು ಪರೀಕ್ಷಿಸಿದರೆ ದೋಷ ಯಾವುದರದೆಂದು ತಿಳಿಯುವುದಿಲ್ಲ.

ಉತ್ತರ (ಗುಬ್ಬಿಯಿಂದ)

ನಾನು ಬಹಳ ವರ್ಷ ದೂರವಾಣಿ ಲೈನುಗಳ ಕೆಲಸ ಮಾಡಿ ನಿವೃತ್ತನಾದವನು. ತಾವು ಬರೆದುದರಲ್ಲಿ ನನ್ನ ಗಮನ ಸೆಳೆದದ್ದು ಮಳೆ ಮತ್ತು ತೆಂಗಿನ ಮರ.

ಕಂಪ್ಯೂಟರ್ ಮುಟ್ಟುವ ಮುನ್ನ ಸಾಮಾನ್ಯ ಫೋನಿನ ರಿಸೀವರ್ ಎತ್ತಿ ಯಾವುದಾದರೂ ಒಂದೇ ಅಂಕಿ ಒತ್ತಿ. ಡಯಲ್ ಟೋನ್ ನಿಂತು ಕೆಲವು ಸೆಕೆಂಡು ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದದಲ್ಲಿ ಕಿವಿಗೊಟ್ಟು ಕೇಳಿ. ಹುರಿಗಡಲೆ ಸಿಡಿದಂತೆ ಚಟಪಟ ಸದ್ದಿದ್ದರೆ ಎಲ್ಲೋ ಜೋಡಣೆ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಎರಡು ತಂತಿಗಳಲ್ಲಿ ಒಂದು ಹಸಿಗೋಡೆಗೋ ಮರಕ್ಕೋ ತಗುಲಿ ನೆಲಕ್ಕೆ ಸೋರುತ್ತಿರಬಹುದು. ಮಾತನಾಡುವಾಗ ನಮ್ಮ ಕಿವಿ ಇದನ್ನು ಸಹಿಸಿಕೊಂಡುಬಿಡುತ್ತದೆ, ಆದ್ದರಿಂದಲೇ ‘ಫೋನು ಚೆನ್ನಾಗಿದೆ, ಮೋಡೆಮ್ ಕೆಟ್ಟಿದೆ’ ಎಂದು ಜನ ಭಾವಿಸುತ್ತಾರೆ. ಮಾತಿಗೆ 300ರಿಂದ 3400 ಹರ್ಟ್ಸ್ ಸಾಕು. 56ಕೆ ಮೋಡೆಮ್ ಮಾತ್ರ ಆ ದಾರಿಯ ಅಂಚನ್ನೂ ಬಿಡದೆ ಬಳಸುವುದರಿಂದ ಸಣ್ಣ ಸಿಡಿತವೂ ಅದಕ್ಕೆ ದೊಡ್ಡ ಪೆಟ್ಟು.

ಇನ್ನೊಂದು ಗುರುತು ಹೇಳುತ್ತೇನೆ. ಬಹಳ ಹೊತ್ತು ಸುಮ್ಮನಿದ್ದ ಲೈನು ಕೆಟ್ಟಿದ್ದು, ಯಾರಾದರೂ ಕರೆ ಮಾಡಿ ಗಂಟೆ ಬಾರಿಸಿದ ಮೇಲೆ ಸ್ವಲ್ಪ ಹೊತ್ತು ಸರಿಯಾಗುತ್ತದೆಯೇ ಗಮನಿಸಿ. ಲೈನಿನಲ್ಲಿ ಸಾಮಾನ್ಯವಾಗಿ ಇರುವುದು 48 ವೋಲ್ಟ್ ನೇರ ವಿದ್ಯುತ್. ಗಂಟೆಗೆ ಅದಕ್ಕಿಂತ ಹೆಚ್ಚಿನ, ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ ಬರುತ್ತದೆ. ಅದು ಕಿಲುಬಿನ ಪೊರೆಯನ್ನು ತಾತ್ಕಾಲಿಕವಾಗಿ ಭೇದಿಸುತ್ತದೆ. ಹೀಗಾಗುತ್ತಿದ್ದರೆ ಯಾವುದೋ ಜೋಡಣೆಯಲ್ಲಿ ಕಿಲುಬಿದೆ ಎಂದು ಬಹುಮಟ್ಟಿಗೆ ನಂಬಬಹುದು. ಗಾಳಿ ಬೀಸುವ ಹೊತ್ತಿನಲ್ಲಿ ಒಬ್ಬರು ರಿಸೀವರ್ ಹಿಡಿದುಕೊಂಡು, ಇನ್ನೊಬ್ಬರು ತೋಟದಲ್ಲಿ ನಿಂತು ಗರಿ ಎಲ್ಲಿ ತಂತಿಗೆ ತಗಲುತ್ತದೆಂದು ನೋಡಲಿ. ಕಂಬ ಹತ್ತಬೇಡಿ, ಮನೆಗಳಿಗೆ ಲೈನು ಹಂಚುವ ಡಿಪಿ ಪೆಟ್ಟಿಗೆ ತೆರೆಯಬೇಡಿ. ಅದು ಲೈನ್‌ಮನ್ ಕೆಲಸ, ಕಂಬದಲ್ಲಿ ಕರೆಂಟಿನ ತಂತಿಯೂ ಸಮೀಪದಲ್ಲಿರಬಹುದು.

ಉತ್ತರ (ಕೋಲಾರದಿಂದ)

ಲೈನ್ ಸರಿಯಾಗುವವರೆಗೆ ಅರ್ಜಿಯ ಕೆಲಸ ನಿಲ್ಲಬಾರದಲ್ಲವೇ? ಅದಕ್ಕೊಂದು ತಾತ್ಕಾಲಿಕ ಉಪಾಯವಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್‌ನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ಪುಟದಲ್ಲಿ ಹೆಚ್ಚುವರಿ ಆದೇಶಗಳಿಗಾಗಿ ಇರುವ ಜಾಗದಲ್ಲಿ S10=50 ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಎದುರಿನ ಮೋಡೆಮ್‌ನ ಧ್ವನಿ ಕ್ಷಣಕಾಲ ಮರೆಯಾದರೆ ಎಷ್ಟು ಹೊತ್ತು ಕಾಯಬೇಕೆಂಬುದು ಇದರಲ್ಲಿ ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಇರುತ್ತದೆ. ಸಾಮಾನ್ಯವಾಗಿ ಒಂದೂವರೆ ಎರಡು ಸೆಕೆಂಡಿಗೇ ಫೋನ್ ಇಟ್ಟುಬಿಡುವ ಮೋಡೆಮ್ ಇದರಿಂದ ಐದು ಸೆಕೆಂಡು ತಾಳುತ್ತದೆ. ಅದರ ಜೊತೆಗೆ +MS=V34 ಸೇರಿಸಿದರೆ, ಅನೇಕ ಮೋಡೆಮ್‌ಗಳು ವಿ.90 ಎಂಬ 56ಕೆ ವಿಧಾನವನ್ನು ಬಿಟ್ಟು ಗರಿಷ್ಠ 33,600ರ ಹಳೆಯ ವಿಧಾನದಲ್ಲಿ ಸಂಪರ್ಕ ಪಡೆಯುತ್ತವೆ. ಗದ್ದಲವಿರುವ ಲೈನಿನಲ್ಲಿ ಆ ಹಳೆಯ ವಿಧಾನವೇ ಸ್ಥಿರವಾಗಿ ನಿಲ್ಲುವುದನ್ನು ನಮ್ಮ ಮನೆಯಲ್ಲಿ ಕಂಡಿದ್ದೇನೆ. ನಿಧಾನವಾದರೂ ಕಡತ ಪೂರ್ತಿ ಇಳಿದರೆ ಸಾಕಲ್ಲವೇ. ನಡುವೆ ಕಡಿದರೆ ಬಿಟ್ಟಲ್ಲಿಂದಲೇ ಮುಂದುವರಿಸುವ ಡೌನ್‌ಲೋಡ್ ತಂತ್ರಾಂಶವನ್ನೂ ಹಾಕಿಕೊಳ್ಳಿ.

ಒಂದು ಎಚ್ಚರಿಕೆ: ಪರದೆಯ ಮೂಲೆಯಲ್ಲಿ 115,200 ಎಂದು ಕಂಡರೆ ಅದನ್ನು ಲೈನಿನ ವೇಗವೆಂದು ತಿಳಿಯಬೇಡಿ, ಅದು ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ವೇಗ ಮಾತ್ರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೊದಲು ಶಿಡ್ಲಘಟ್ಟದವರು ಹೇಳಿದಂತೆ ಮಲಗುವ ಕೋಣೆಯ ಫೋನ್ ಬಿಚ್ಚಿದೆ. ವೇಗ 26,400ಕ್ಕೆ ಏರಿತು, ಆದರೆ ಕಡಿಯುವುದು ನಿಲ್ಲಲಿಲ್ಲ. ಅನಂತರ ಗುಬ್ಬಿಯ ಹಿರಿಯರ ಮಾತಿನಂತೆ ಮಧ್ಯಾಹ್ನದ ಗಾಳಿಯಲ್ಲಿ ನಾನು ರಿಸೀವರ್ ಹಿಡಿದು ಕುಳಿತೆ, ಮಗಳು ತೋಟದಲ್ಲಿ ನಿಂತಳು. ಮೂರನೆಯ ಮರದ ಒಣಗರಿ ತಂತಿಗೆ ಬಡಿದಾಗಲೆಲ್ಲ ಅವಳು ‘ಅಪ್ಪಾ, ಈಗ’ ಎಂದು ಕೂಗುವಳು, ಅದೇ ಕ್ಷಣಕ್ಕೆ ನನ್ನ ಕಿವಿಯಲ್ಲಿ ಸಿಡಿತ ಕೇಳುತ್ತಿತ್ತು. ಲೈನ್‌ಮನ್ ಬಂದು ನೋಡಿದರೆ, ಹಿಂದೆ ತಂತಿ ಹರಿದಾಗ ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿದ ಒಂದು ಜೋಡಣೆ ಆ ಗರಿಯ ಪಕ್ಕದಲ್ಲೇ ಇತ್ತು. ಟೇಪಿನೊಳಗೆ ನೀರು ನಿಂತು, ತಾಮ್ರವೆಲ್ಲ ಹಸಿರು ಪುಡಿಯಾಗಿ ಉದುರುತ್ತಿತ್ತು. ಅವರು ಕಂಬದಿಂದ ರೋಸೆಟ್‌ವರೆಗೆ ಜೋಡಣೆಯೇ ಇಲ್ಲದ ಒಂದೇ ತಂತಿ ಎಳೆದುಕೊಟ್ಟರು. ಆ ರಾತ್ರಿ 45,333ಕ್ಕೆ ಸಂಪರ್ಕ ಸಿಕ್ಕಿ ಅರ್ಜಿ ಒಂದೇ ಬಾರಿಗೆ ಇಳಿಯಿತು. ಹಳೆಯ ಮೋಡೆಮ್ ಅದೇ ಇದೆ.

ಉತ್ತರ (ಗುಬ್ಬಿಯಿಂದ)

ಬಹಳ ಸಂತೋಷವಾಯಿತು. ಆ ಒಣಗರಿಯನ್ನೂ ಕೀಳಿಸಿಬಿಡಿ. ಗುಡುಗು ಮಿಂಚು ಶುರುವಾದೊಡನೆ ಮೋಡೆಮ್‌ನ ತಂತಿಯನ್ನು ರೋಸೆಟ್‌ನಿಂದ ಕಳಚಿಡಲು ಮಗಳಿಗೂ ಹೇಳಿಕೊಡಿ; ಕಂಪ್ಯೂಟರಿನ ಕರೆಂಟು ಆರಿಸಿದ್ದರೂ ಸಿಡಿಲಿನ ಹೊಡೆತ ಫೋನಿನ ತಂತಿಯ ಮೂಲಕ ಒಳಗೆ ಬರುತ್ತದೆ.