ಅಪ್‌ಡೇಟ್: ಕೊನೆಗೂ ಕಪ್ಪಲ್ಲದ ಸ್ವಿಮ್‌ಸೂಟ್ ತಗೊಂಡೆ

ಹೋದ ತಿಂಗಳು ಕೇಳಿದ್ದೆನಲ್ಲ, ಮೈಬಣ್ಣಕ್ಕೆ ಒಪ್ಪುವ ಬಣ್ಣಗಳನ್ನು ಋತುಗಳ ಹೆಸರಲ್ಲಿ ವಿಂಗಡಿಸುತ್ತಾರಲ್ಲ, ಅದರಲ್ಲಿ ನನ್ನದು ಡೀಪ್ ವಿಂಟರ್ (ಕಡುಗಪ್ಪು ಕೂದಲು, ಕಪ್ಪು ಕಣ್ಣು, ತಂಪು ಛಾಯೆಯ ಚರ್ಮ), ಕಪ್ಪು ಬಿಟ್ಟು ಯಾವ ಬಣ್ಣದ ಸ್ವಿಮ್‌ಸೂಟ್ ಒಪ್ಪುತ್ತೆ ಅಂತ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಮೂರು ತರಿಸಿದೆ, ಎರಡು ಉಳಿಸಿಕೊಂಡೆ.

ಗೆದ್ದಿದ್ದು ಪಚ್ಚೆ ಹಸಿರು. ಬೆಳಿಗ್ಗೆ ಕಿಟಕಿ ಪಕ್ಕ ನಿಂತು, ಮೇಕಪ್ ಇಲ್ಲದೆ, ಗಲ್ಲದ ಕೆಳಗೆ ಹಿಡಿದು ನೋಡಿದೆ. ಕಣ್ಣು ಮಿಂಚಿತು, ಕಣ್ಣಿನ ಕೆಳಗಿನ ಕಪ್ಪು ಅಷ್ಟಾಗಿ ಎದ್ದು ಕಾಣಲಿಲ್ಲ. ಅಲ್ಲೇ ನನ್ನ ಹಳೇ ಪೀಚ್ ಬಣ್ಣದ ಬಟ್ಟೆಯನ್ನು ಹಿಡಿದರೆ ಮೂರು ದಿನ ಜ್ವರದಲ್ಲಿ ಮಲಗೆದ್ದವಳ ಮುಖ! ಇಷ್ಟು ವರ್ಷ ಅದನ್ನೇ ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದೀನಿ, ಯಾರೂ ಒಂದು ಮಾತು ಹೇಳಲಿಲ್ಲ.

ವೈನ್ ಕೆಂಪು ಒಣಗಿದ್ದಾಗ ಬಲು ಚಂದ. ಆದರೆ ನೆಂದ ಬಟ್ಟೆ ಗಾಢವಾಗುತ್ತಲ್ಲ, ನೀರಿಂದ ಎದ್ದು ಬಂದರೆ ದೂರಕ್ಕೆ ಕಪ್ಪೇ. ಕಪ್ಪಿನಿಂದ ತಪ್ಪಿಸಿಕೊಳ್ಳಲು ಹೋಗಿ ಮತ್ತೆ ಅಲ್ಲಿಗೇ ಬಂದೆ. ಕಡು ಬಣ್ಣ ಬೇಕಿದ್ದರೆ ನಿಮಗೆ ಒಪ್ಪುವುದಕ್ಕಿಂತ ಒಂದು ಶೇಡ್ ತಿಳಿಯಾಗಿರುವುದನ್ನೇ ತಗೊಳ್ಳಿ.

ಅಚ್ಚ ಬಿಳಿ ವಾಪಸ್ ಹೋಯಿತು. ಮುಖಕ್ಕೇನೋ ಒಪ್ಪಿತ್ತು, ಆದರೆ ಒಳಗೆ ಲೈನಿಂಗ್ ಇಲ್ಲ. ಬೆಳಕಿಗೆ ಹಿಡಿದರೆ ಅಂಗೈ ಬೆರಳೆಲ್ಲ ಕಾಣುತ್ತಿತ್ತು. ಒದ್ದೆಯಾದರೆ ಕೇಳಬೇಕೇ.

ರಾಯಲ್ ಬ್ಲೂ ಹೇಳಿದವರಿಗೆ: ಬಣ್ಣ ಒಪ್ಪುತ್ತೆ ನಿಜ, ಆದರೆ ನೀಲಿ ಟೈಲ್ಸಿನ ಕೊಳದಲ್ಲಿ ಮುಳುಗಿದರೆ ಮನುಷ್ಯರು ಇದ್ದಾರೋ ಇಲ್ಲವೋ ಗೊತ್ತಾಗಲ್ಲ. ನಾನಿನ್ನೂ ಈಜು ಕಲಿಯುತ್ತಿರುವವಳು, ಬೇಡಪ್ಪ. ಪಚ್ಚೆಯನ್ನು ಕ್ಲೋರಿನ್ ತಿನ್ನದಿರಲಿ ಅಂತ ಈಜು ಮುಗಿದ ತಕ್ಷಣ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸ್ತಿದ್ದೀನಿ.